ಜೋಳವಾಳಿಯಿಂದ ವೇತನಶ್ರೇಣಿಗೆ: ಯೋಧನ ಸಂಬಳದ ಲೆಕ್ಕ

(ಸೇನೆಗೆ ಸೇರಲು ತಯಾರಿ ನಡೆಸಿರುವ ಯುವಕರು ಮತ್ತು ಅವರ ಮನೆಯವರ ಮುಂದೆ ಅರಸೀಕೆರೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಪಠ್ಯ)



ನಾನು ಸೈನಿಕನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರನಾದವನು. ಮುಂದಿನ ಸಾಲಿನಲ್ಲಿ ಕುಳಿತಿರುವ ನಿವೃತ್ತ ಸುಬೇದಾರರಿಗೆ ನಾನು ಸಂಬಳದ ಲೆಕ್ಕ ಹೇಳುವುದೆಂದರೆ ಅರಸೀಕೆರೆಯವರಿಗೆ ತೆಂಗಿನಕಾಯಿ ಸುಲಿಯುವುದನ್ನು ಕಲಿಸಿದಂತೆ. ಆದರೆ ಇಲ್ಲಿನ ಜಂಕ್ಷನ್ನಿನಲ್ಲಿ ಟ್ರಂಕು ಹಿಡಿದು ರೈಲಿಗೆ ಕಾಯುವ ಹುಡುಗರನ್ನು ಮಾತನಾಡಿಸಿದ್ದೇನೆ. ಕೈಗೆ ಎಷ್ಟು ಬರುತ್ತದೆಂಬುದು ಅವರಿಗೆ ಗೊತ್ತು. ಏಕೆ ಅಷ್ಟು, ಮುಂದೆ ಎಷ್ಟು ಎಂಬುದು ಗೊತ್ತಿರುವವರು ಕಡಿಮೆ. ಮಗನನ್ನು ಕಳುಹಿಸುವ ತಾಯಿ ಕೇಳುವುದು ಇನ್ನೊಂದು ಪ್ರಶ್ನೆ: ‘ಅವನಿಗೇನಾದರೂ ಆದರೆ?’

ಈ ಪ್ರಶ್ನೆಗಳು ನಮ್ಮ ಸೀಮೆಗೆ ಹೊಸವಲ್ಲ. ಹಳೆಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಆ ಋಣವನ್ನು ಯುದ್ಧದಲ್ಲಿ ತೀರಿಸಬೇಕೆಂಬುದು ಅದರ ಅರ್ಥ. ಅದರ ಮೇಲಿನ ಮೆಟ್ಟಿಲು ‘ವೇಳೆವಾಳಿ’. ಒಡೆಯ ಸತ್ತರೆ ತಾನೂ ಸಾಯುವೆನೆಂಬ ಪ್ರತಿಜ್ಞೆ ಅದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಕುವರ ಲಕ್ಷ್ಮ ದಂಡನಾಯಕನ ಕಂಬವನ್ನು ನೀವು ನೋಡಿರಬಹುದು. ಪ್ರವಾಸಿಗರು ಗೋಡೆಯ ಶಿಲ್ಪಗಳನ್ನು ನೋಡುತ್ತ ಅದನ್ನು ದಾಟಿ ಹೋಗಿಬಿಡುತ್ತಾರೆ. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಲೆಂಕರೊಡನೆ ಪ್ರಾಣ ಕೊಟ್ಟ ಕತೆಯನ್ನು ಆ ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರು ಕಂಬದ ಮೇಲೆ ಇದ್ದಾರೆ. ನಾನಂತೂ ಅದನ್ನು ಮೆಚ್ಚಿ ನೋಡಲಾರೆ. ಆದರೂ ಅಂದಿನ ಸೇವೆಯ ಕರಾರು ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದಕ್ಕೆ ಅದಕ್ಕಿಂತ ನೇರವಾದ ದಾಖಲೆ ಬೇರೆ ಬೇಕಿಲ್ಲ.

ಅಂದು ದೊಡ್ಡ ಸಂಬಳವೆಂದರೆ ಭೂಮಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಣ್ಣೆಗಾಲದಲ್ಲಿ ಚಾಲುಕ್ಯರ ದಂಡಿನ ಮೇಲೆ ರಾತ್ರಿ ಎರಗಿ ಗೆದ್ದ. ಮೆಚ್ಚಿದ ದೊರೆ ‘ಬೇಡು’ ಎಂದಾಗ ಅವನು ಪರಮ ಎಂಬ ಊರನ್ನು ಬೇಡಿ, ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಅದನ್ನು ಬಿಟ್ಟುಕೊಟ್ಟನೆಂದು ಶ್ರವಣಬೆಳಗೊಳದ ಶಾಸನದಲ್ಲಿದೆ. ಅದಕ್ಕೂ ಹಿಂದೆ, ಹತ್ತನೆಯ ಶತಮಾನದಲ್ಲಿ, ತಕ್ಕೋಲದ ಯುದ್ಧದ ಬಳಿಕ ಮಣಲೇರನೆಂಬ ವೀರನಿಗೆ ಗಂಗರ ಬೂತುಗ ಆತಕೂರನ್ನು ‘ಬಾಳ್ಗಳ್ಚು’ ಆಗಿ ಕೊಟ್ಟ. ಕತ್ತಿ ತೊಳೆದದ್ದಕ್ಕೆ ಕೊಡುವ ಕೊಡುಗೆ ಎಂದರ್ಥ. ಅದೇ ಮಣಲೇರ ರಾಷ್ಟ್ರಕೂಟರ ದೊರೆಯಲ್ಲಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು!

ಇನ್ನು ಆ ತಾಯಿಯ ಪ್ರಶ್ನೆ. ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ನಮ್ಮ ಊರುಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ನಿಂತ ವೀರಗಲ್ಲುಗಳಲ್ಲಿ ಹಲವು, ಒಂದು ಲೆಕ್ಕಕ್ಕೆ, ಕುಟುಂಬ ಪಿಂಚಣಿಯ ಆದೇಶಪತ್ರಗಳೇ. ಕಲ್ಲಿನ ಮೇಲೆ ಬರೆದದ್ದರಿಂದ ಕಚೇರಿಯಲ್ಲಿ ಕಡತ ಕಳೆದುಹೋಗುವ ಭಯವಿರಲಿಲ್ಲ.

ಈಗ ಇಂದಿನ ಪಟ್ಟಿಗೆ ಬರೋಣ. 2016ರ ಜನವರಿಯಿಂದ ಲೆಕ್ಕಕ್ಕೆ ಬಂದ ಏಳನೆಯ ವೇತನ ಆಯೋಗದ ಪಟ್ಟಿಯನ್ನು ಒಂದು ಚೌಕಮನೆಯ ಹಾಳೆಯೆಂದು ತಿಳಿಯಿರಿ. ಅಡ್ಡಕ್ಕೆ ಸರಿದರೆ ಹಂತ, ಕೆಳಕ್ಕೆ ಇಳಿದರೆ ಸೇವೆಯ ವರ್ಷ. ಸಿಪಾಯಿ 3ನೇ ಹಂತದಲ್ಲಿ 21,700 ರೂಪಾಯಿ ಮೂಲವೇತನದಿಂದ ಶುರುಮಾಡುತ್ತಾನೆ. ವರ್ಷ ಕಳೆದರೆ ಒಂದು ಮನೆ ಕೆಳಗೆ, ಅಂದರೆ ಸುಮಾರು ಶೇ. 3ರ ಏರಿಕೆ. ನಾಯಕ್ ಆದರೆ ಹಂತದ ಆರಂಭ 25,500, ಹವಾಲ್ದಾರನಿಗೆ 29,200, ನಾಯಬ್ ಸುಬೇದಾರನಿಗೆ 35,400, ಸುಬೇದಾರ್ ಮೇಜರ್‌ಗೆ 47,600. ಅಧಿಕಾರಿಯ ದಾರಿ ಬೇರೆ: ಲೆಫ್ಟಿನೆಂಟ್ 10ನೇ ಹಂತದಲ್ಲಿ 56,100ರಿಂದ ಆರಂಭಿಸುತ್ತಾನೆ. ಸೇನಾ ಮುಖ್ಯಸ್ಥರದು 2,50,000.

ಇದರ ಮೇಲೆ ‘ಸೇನಾ ಸೇವಾ ವೇತನ’ವೆಂಬುದೊಂದು ಇದೆ. ಗಡಿಯ ಬದುಕಿನ ಕಷ್ಟಕ್ಕೆಂದು ಕೊಡುವುದು. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗೆ 5,200, ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ 15,500. ಚಳಿ ಇಬ್ಬರಿಗೂ ಒಂದೇ ಅಲ್ಲವೇ ಎಂದು ನಿವೃತ್ತರೊಬ್ಬರು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತುಟ್ಟಿಭತ್ಯೆಯನ್ನು ಮೂಲವೇತನ ಮತ್ತು ಈ ಮೊತ್ತ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ಇದು ಕಾಣುವುದಕ್ಕಿಂತ ಹೆಚ್ಚು ತೂಕದ್ದು. ಬಿಎಸ್‌ಎಫ್, ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಕೂಡ ಅದೇ 3ನೇ ಹಂತದಲ್ಲಿ ಅದೇ 21,700ಕ್ಕೆ ಸೇರುತ್ತಾನೆ, ಆದರೆ ಈ ಸೇವಾ ವೇತನ ಅವನಿಗಿಲ್ಲ.

ಬಡ್ತಿ ಸಿಗದವನ ಗತಿ? 8, 16 ಮತ್ತು 24 ವರ್ಷಗಳಲ್ಲಿ ಸೈನಿಕನನ್ನು ಸಂಬಳದ ಮಟ್ಟಿಗೆ ಮೇಲಿನ ಹಂತಕ್ಕೆ ಸರಿಸುವ ವ್ಯವಸ್ಥೆಯಿದೆ. ತೋಳಿನ ಪಟ್ಟಿ ಬದಲಾಗದು, ಚೀಟಿಯ ಅಂಕಿ ಬದಲಾಗುತ್ತದೆ. ಊರಿಗೆ ಬಂದಾಗ ಜನ ನೋಡುವುದು ಪಟ್ಟಿಯನ್ನು, ಮನೆಯವರು ನೋಡುವುದು ಅಂಕಿಯನ್ನು. ಎಂಟನೆಯ ಆಯೋಗವನ್ನು 2025ರಲ್ಲಿ ನೇಮಿಸಲಾಯಿತಾದ್ದರಿಂದ ನಾನು ಹೇಳಿದ ಅಂಕಿಗಳನ್ನು ಕಲ್ಲಿನಲ್ಲಿ ಕೊರೆಸಬೇಡಿ.

ಇನ್ನು ಇಲ್ಲಿರುವ ಹುಡುಗರಿಗೆ ಮುಖ್ಯವಾದ ಮಾತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರುವವನು ಈ ಚೌಕಮನೆಯ ಒಳಗೆ ಕೂರುವುದಿಲ್ಲ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೆಯ ವರ್ಷ 40,000 ಎಂಬ ಇಡಿಗಂಟು ಅವನದು. ಅದರಲ್ಲಿ ಶೇ. 30 ನಿಧಿಗೆ ಹೋಗುತ್ತದೆ, ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000. ತುಟ್ಟಿಭತ್ಯೆ, ಸೇನಾ ಸೇವಾ ವೇತನ ಇಲ್ಲ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆಂದು ಆಗ ಹೇಳಲಾಯಿತು. ಕಾಯಂ ಸೇವೆಗೆ ಉಳಿಸಿಕೊಳ್ಳುವುದು ಶೇ. 25ರವರೆಗೆ. ಹೊರಬಂದವರಿಗೆ ಪಿಂಚಣಿಯಿಲ್ಲ. ಕಾಯಂ ಸಿಪಾಯಿಗೆ 15 ವರ್ಷದ ಸೇವೆಯ ನಂತರ ಕೊನೆಯ ವೇತನದ ಅರ್ಧ ಪಿಂಚಣಿಯಾಗುತ್ತದೆ.

ಹಾಗಾದರೆ ನೆತ್ತರುಗೊಡಗೆ? ಯುದ್ಧದಲ್ಲಿ ಮಡಿದ ಕಾಯಂ ಸೈನಿಕನ ಕುಟುಂಬಕ್ಕೆ ಕೊನೆಯ ವೇತನದಷ್ಟೇ ಪಿಂಚಣಿ ಸಲ್ಲುತ್ತದೆ. ಅಗ್ನಿವೀರನಿಗೆ 48 ಲಕ್ಷದ ವಿಮೆ, ಕರ್ತವ್ಯದಲ್ಲಿ ಮಡಿದರೆ 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ ಮತ್ತು ನಿಧಿ ಎಂದು ಯೋಜನೆ ಹೇಳಿತು. ಒಂದು ತಿಂಗಳು ತಿಂಗಳಿಗೆ ಬರುವಂಥದು, ಇನ್ನೊಂದು ಒಮ್ಮೆ ಬಂದು ಮುಗಿಯುವಂಥದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಅರ್ಜಿಗೆ ಸಹಿ ಹಾಕುವ ಮೊದಲು ಈ ಎರಡು ಸಾಲುಗಳನ್ನು ತಾಯಂದಿರ ಮುಂದೆಯೇ ಓದಿ ಹೇಳಿ.

ಪ್ರಶ್ನೆಗಳಿದ್ದರೆ ಕೇಳಿ. ತಪ್ಪಿದ್ದರೆ ಸುಬೇದಾರರು ಇಲ್ಲಿಯೇ ಇದ್ದಾರೆ, ತಿದ್ದುತ್ತಾರೆ.