ಲಿಂಕನ್ನನ ಎರಡನೆಯ ತಾಯಿ



ನಮ್ಮ ನುಡಿಯಲ್ಲಿ ಮಲತಾಯಿ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಸರಕಾರವು ಯಾವುದಾದರೊಂದು ಜಿಲ್ಲೆಯನ್ನು ಮರೆತರೆ ಪತ್ರಿಕೆಗಳು ಕೂಡಲೇ ‘ಮಲತಾಯಿ ಧೋರಣೆ’ ಎಂದು ಬರೆಯುತ್ತವೆ. ಧ್ರುವನಿಗೆ ತಂದೆಯ ತೊಡೆಯನ್ನೇರಗೊಡದ ಸುರುಚಿಯನ್ನು ನಾವು ಎಳವೆಯಿಂದಲೂ ಬಲ್ಲೆವು. ಮಾದ್ರಿಯ ಮಕ್ಕಳನ್ನು ತನ್ನ ಮಕ್ಕಳೊಡನೆ ಭೇದವೆಣಿಸದೆ ಸಾಕಿದ ಕುಂತಿಯನ್ನಾದರೋ ಯಾರೂ ಮಲತಾಯಿಯೆಂದು ಕರೆಯುವುದಿಲ್ಲ. ಒಳ್ಳೆಯವಳೆನಿಸಿದೊಡನೆ ಆಕೆಗೆ ಆ ಹೆಸರು ತಪ್ಪಿಹೋಗುತ್ತದೆ. ಕೆಟ್ಟವಳಿಗೆ ಮಾತ್ರ ಉಳಿಯುತ್ತದೆ. ಇದು ನ್ಯಾಯವಲ್ಲ. ಆ ಹೆಸರಿಗೆ ಮರ್ಯಾದೆ ತಂದ ಒಬ್ಬಾಕೆಯ ವಿಷಯವನ್ನು ಈ ಹೊತ್ತು ಹೇಳಬಯಸುತ್ತೇವೆ.

1818ನೆಯ ಅಕ್ಟೋಬರ್ ತಿಂಗಳಿನಲ್ಲಿ, ಅಮೆರಿಕದ ಇಂಡಿಯಾನ ಸಂಸ್ಥಾನದ ಕಾಡುಪ್ರದೇಶದಲ್ಲಿ ನ್ಯಾನ್ಸಿ ಲಿಂಕನ್ ಎಂಬ ಗೃಹಿಣಿ ತೀರಿಕೊಂಡಳು. ವಿಷದ ಗಿಡವೊಂದನ್ನು ಮೇಯ್ದ ಹಸುವಿನ ಹಾಲು ಕುಡಿದವರಿಗೆ ಬರುವ ರೋಗವದು. ಮಗ ಅಬ್ರಹಾಮನಿಗೆ ಆಗ 9 ವರ್ಷ, ಮಗಳಿಗೆ 11. ಗಂಡ ಥಾಮಸನು ಮರಗೆಲಸ ಬಲ್ಲವನು. ಆಕೆಯನ್ನು ಮನೆಯ ಸಮೀಪದ ದಿಣ್ಣೆಯಲ್ಲಿ ಹೂಳಿದರು. ಮುಂದೆ ಒಂದು ವರ್ಷಕ್ಕೂ ಮಿಕ್ಕು ಮನೆವಾರ್ತೆಯೆಲ್ಲ ಆ ಹುಡುಗಿಯ ಮೇಲೆಯೇ ಬಿತ್ತು. 1819ನೆಯ ಡಿಸೆಂಬರಿನಲ್ಲಿ ಥಾಮಸನು ಕೆಂಟಕಿಗೆ ಹೋಗಿ, ಸಾರಾ ಬುಷ್ ಜಾನ್‌ಸ್ಟನ್ ಎಂಬ ವಿಧವೆಯನ್ನು ಮದುವೆಯಾಗಿ, ಆಕೆಯನ್ನೂ ಆಕೆಯ ಮೂವರು ಮಕ್ಕಳನ್ನೂ ಬಂಡಿಯಲ್ಲಿ ಕರೆತಂದನು.

ನಮ್ಮ ಮನೆಗಳಲ್ಲಿ, ಹಸೆಮಣೆಯಿಂದ ಎದ್ದವಳ ಮುಂದೆ ಮಗುವನ್ನು ತಂದು ನಿಲ್ಲಿಸಿ, “ಇವಳೇ ನಿನ್ನ ಅಮ್ಮ, ಅಮ್ಮಾ ಎನ್ನು” ಎಂದು ಹೇಳಿಕೊಡುವ ಹಿರಿಯರುಂಟು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮಗುವಿನ ಬಾಯಿ ಬಿಗಿದುಕೊಳ್ಳುವುದು ಆ ಗಳಿಗೆಯಲ್ಲಿಯೇ. ಹೊಸಬಳ ಅಕ್ಕರೆಯನ್ನು ಒಪ್ಪಿದರೆ ಸತ್ತವಳನ್ನು ಮರೆತಂತಾದೀತೆಂಬ ಭಯ ಅದಕ್ಕೆ. ಆ ಭಯಕ್ಕೆ ಮಾತು ಮದ್ದಲ್ಲ.

ಸಾರಾ ಮಾಡಿದ್ದೇನು? 1865ರಲ್ಲಿ, ಲಿಂಕನ್ನನ ಕೊಲೆಯಾದ ಕೆಲವು ತಿಂಗಳ ಮೇಲೆ, ಅವನೊಡನೆ ವಕೀಲಿ ನಡೆಸಿದ್ದ ಹರ್ನ್‌ಡನ್ ಎಂಬಾತನಿಗೆ ಈ ವೃದ್ಧೆ ತಾನೇ ಹೇಳಿದ್ದುಂಟು. ಬಂದಾಗ ಆ ಮಕ್ಕಳಿಗೆ ಬಟ್ಟೆ ತೊಡಿಸಿ, ಮನುಷ್ಯರಂತೆ ಕಾಣುವ ಹಾಗೆ ಮಾಡಿದಳಂತೆ. ಮನೆಯ ನೆಲಕ್ಕೆ ಹಲಗೆ ಹಾಕಿಸಿದವಳೂ ಆಕೆಯೇ ಎಂದು ಅಲ್ಲಿದ್ದ ನೆಂಟನೊಬ್ಬನ ನೆನಪು. ಆಕೆ ಮಾತ್ರ ಆ ಮನೆಯನ್ನು ಹಳಿಯಲಿಲ್ಲ. ತಕ್ಕಮಟ್ಟಿಗೆ ಅನುಕೂಲವಾಗಿಯೇ ಇತ್ತೆಂದಳು. ತನಗಿಂತ ಮೊದಲು ಆ ಒಲೆಯ ಮುಂದೆ ಕುಳಿತಿದ್ದವಳ ಬಗ್ಗೆ ಇದಕ್ಕಿಂತ ದೊಡ್ಡ ಗೌರವ ಯಾವುದು?

ಹುಡುಗನಿಗೆ ಓದಿನ ಹುಚ್ಚು. ಸಾರಾಳಿಗೆ ಅಕ್ಷರಜ್ಞಾನವಿರಲಿಲ್ಲವೆನ್ನುತ್ತಾರೆ. ಆದರೂ ಅವನು ಓದುತ್ತ ಕುಳಿತಾಗ ಯಾರೂ ತಡೆಯದಂತೆ, ತಾನಾಗಿ ಪುಸ್ತಕ ಮುಚ್ಚುವವರೆಗೆ ಬಿಡುತ್ತಿದ್ದರಂತೆ. ಕಾಡಿನ ಬೇಸಾಯದಲ್ಲಿ ಕೊಡಲಿ ಹಿಡಿಯಬಲ್ಲ ಒಂದು ಕೈಯನ್ನು ಹಾಗೆ ಬಿಡುವುದೆಂದರೆ ಸಣ್ಣ ಮಾತಲ್ಲ. ತನಗೆ ತಿಳಿಯದ ಸುಖವೊಂದನ್ನು ಮತ್ತೊಬ್ಬಳ ಮಗನಿಗಾಗಿ ಆಕೆ ಕಾಯ್ದಳು. ಒಂದು ದಿನವಲ್ಲ, ವರ್ಷಗಟ್ಟಲೆ. ತಾನು ಅವನಿಗೆ ಕಟುಮಾತನ್ನಾಡಲಿಲ್ಲ, ಅವನೂ ತನ್ನ ಮಾತನ್ನು ಮೀರಲಿಲ್ಲ ಎಂದೂ ಆಕೆ ಹೇಳಿದ್ದಾಳೆ.

ಇದೆಲ್ಲ ಮುಪ್ಪಿನ ಮಮತೆಯ ಮಾತೆಂದು ಯಾರಾದರೂ ಶಂಕಿಸಿದರೆ, ಲಿಂಕನ್ನನ ಕಾಗದವೊಂದಿದೆ. 1851ರ ಜನವರಿಯಲ್ಲಿ ತಂದೆ ಸಾಯುವಾಗ ಲಿಂಕನ್ನನು ನೋಡಹೋಗಲಿಲ್ಲ. ಅವರಿಬ್ಬರಿಗೆ ಅಷ್ಟಾಗಿ ಹೊಂದುತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ, ಸಾರಾಳ ಸ್ವಂತ ಮಗ ಜಾನನು ಇಲಿನಾಯ್ ಸಂಸ್ಥಾನದಲ್ಲಿದ್ದ ಕುಟುಂಬದ ಜಮೀನನ್ನು ಮಾರಿ ಬೇರೆಡೆಗೆ ಹೋಗುವ ಹವಣಿಕೆಯಲ್ಲಿದ್ದನು. ಲಿಂಕನ್ನನು ಖಂಡಿತವಾಗಿ ಬರೆದನು: ಮೂಡಣ ದಿಕ್ಕಿನ 40 ಎಕರೆಯನ್ನು ತಾಯಿ ಬದುಕಿರುವಷ್ಟು ಕಾಲವೂ ಆಕೆಗಾಗಿ ಉಳಿಸಿಕೊಳ್ಳುವುದಾಗಿ. ಹೆತ್ತ ಮಗ ಮಾರಹೊರಟ ನೆಲವನ್ನು ಮಲಮಗನು ಕಾದನು. ಯಾರೂ ಹೇಳಿಕೊಡದೆಯೇ ಆಕೆಯನ್ನು ಆ ಕಾಗದದಲ್ಲಿ ತಾಯಿ ಎಂದೇ ಕರೆದಿದ್ದಾನೆ.

ಅಧ್ಯಕ್ಷಪದವಿಗೆ ಆರಿಸಿಬಂದ ಮೇಲೆ, 1861ರ ಜನವರಿಯ ಕೊನೆಯಲ್ಲಿ, ವಾಷಿಂಗ್ಟನ್ನಿಗೆ ಹೊರಡುವ ಮುನ್ನ ಆತನು ಆಕೆಯನ್ನು ಕಂಡು ಬೀಳ್ಕೊಂಡನು. ಅವನು ಗೆಲ್ಲುವುದೇ ಆಕೆಗೆ ಬೇಡವಾಗಿತ್ತು. ಏನಾದರೂ ಆದೀತೆಂದು ಅಂಜಿದ್ದಳು. ಅವನು ಹೋದ ಮೇಲೂ 4 ವರ್ಷ ಬದುಕಿ 1869ರಲ್ಲಿ ತೀರಿಕೊಂಡಳು. ಹರ್ನ್‌ಡನ್ನನಿಗೆ ಆಕೆ ಇನ್ನೊಂದು ಮಾತು ಹೇಳಿದ್ದಳು. ತನ್ನ ಹೊಟ್ಟೆಯ ಮಗನೂ ಅಬ್ರಹಾಮನೂ ಜೊತೆಯಲ್ಲಿ ಬೆಳೆದವರು, ಇಬ್ಬರೂ ಒಳ್ಳೆಯ ಹುಡುಗರೇ. ಆದರೂ ತಾನು ಕಂಡವರಲ್ಲೆಲ್ಲ ಅಬ್ರಹಾಮನೇ ಮೇಲು ಎಂದು. ಆಗ ಇಬ್ಬರೂ ಬದುಕಿರಲಿಲ್ಲ.