ಹಜಾರದಲ್ಲಿ ಕುರ್ಚಿಯ ಸ್ಥಾನ



ಈ ಸಾಯಂಕಾಲ ನಾನು ಆರಿಸಿಕೊಂಡಿರುವ ವಿಷಯ ತೀರ ಸಾಮಾನ್ಯವಾದುದು. ಹಜಾರದಲ್ಲಿ ಕುರ್ಚಿ, ಮೇಜು, ಸೋಫಾಗಳನ್ನು ಎಲ್ಲಿ ಇಡಬೇಕೆಂಬುದು ಭಾಷಣಕ್ಕೆ ತಕ್ಕ ವಸ್ತುವೆ ಎಂದು ತಾವು ಕೇಳಬಹುದು. ಆದರೆ ಮನುಷ್ಯನು ತನ್ನ ಆಯುಸ್ಸಿನ ಎಷ್ಟೋ ಭಾಗವನ್ನು ಕಳೆಯತಕ್ಕ ಸ್ಥಳವನ್ನು ಯಾರ ಸೌಕರ್ಯಕ್ಕಾಗಿ ಅಣಿಮಾಡಿದ್ದಾನೆ ಎಂಬುದು ವಿಚಾರಕ್ಕೆ ಯೋಗ್ಯವೆಂದೇ ನನ್ನ ಭಾವನೆ.

ಮೊದಲು ರೂಢಿಯನ್ನು ನೋಡೋಣ. ಬೆಂಗಳೂರಿನಲ್ಲಾಗಲಿ ರಾಮನಗರದಲ್ಲಾಗಲಿ, ಹೊಸದಾಗಿ ಕಟ್ಟಿದ ಮನೆಗೆ ಹೋದರೆ ಹಜಾರದ ರೂಪ ಬಹುಮಟ್ಟಿಗೆ ಒಂದೇ. ಉದ್ದವಾದ ಸೋಫಾ ಗೋಡೆಗೆ ಬೆನ್ನು ಕೊಟ್ಟಿರುತ್ತದೆ, ಅದರ ಎರಡು ಮಗ್ಗುಲಿಗೂ ದ್ವಾರಪಾಲಕರಂತೆ ಒಂಟಿ ಸೋಫಾಗಳು, ನಡುವೆ ಟೀಪಾಯಿ, ಎದುರು ಗೋಡೆಯ ಮೇಲೆ ಟೆಲಿವಿಷನ್ನು. ಟೀಪಾಯಿಗೂ ನಾವು ಕುಡಿಯುವ ಟೀಗೂ ನಂಟಿಲ್ಲ. ಹಿಂದೂಸ್ತಾನಿಯಲ್ಲಿ ತಿಪಾಯಿ ಎಂದರೆ ಮೂರು ಕಾಲಿನದು. ನಮ್ಮ ಮನೆಗಳಲ್ಲಿ ಅದಕ್ಕೆ ನಾಲ್ಕು ಕಾಲುಗಳಿರುವುದನ್ನು ಯಾರೂ ಆಕ್ಷೇಪಿಸಿದಂತೆ ಕಾಣೆ. ಕುರ್ಚಿ ಎಂಬ ಮಾತು ಅರಬ್ಬಿಯದು. ಸೋಫಾ ಎಂಬುದೂ ಅಲ್ಲಿಂದಲೇ ಹೊರಟು ಯೂರೋಪನ್ನು ಸುತ್ತಿ ಬಂದದ್ದು. ವಸ್ತು ಬಂದಾಗ ಅದರೊಡನೆ ಹೆಸರು ಬರುವುದು ಸಹಜ. ನಮ್ಮಲ್ಲಿ ಅದನ್ನು ಇಡುವ ಕ್ರಮವೂ ಕೂಡಿ ಬಂದು, ಶಾಸ್ತ್ರವಿಧಿಯೋ ಎಂಬಂತೆ ನೆಲೆಯೂರಿತು.

ಈ ಕ್ರಮವೆಲ್ಲ ಯಾರಿಗಾಗಿ? ಬರುವ ಅತಿಥಿಗಾಗಿ. ಅತಿಥಿಯಾದರೋ ತಿಂಗಳಿಗೊಮ್ಮೆ ಬಂದು, ಅರ್ಧ ಗಂಟೆ ಕುಳಿತು, ಕಾಫಿ ಕುಡಿದು ಹೋಗುತ್ತಾನೆ. ಮಿಕ್ಕ ದಿನಗಳಲ್ಲಿ ಮನೆಯ ಮುದುಕಿ ಎಲ್ಲಿ ಕುಳಿತಿರುತ್ತಾಳೆ ನೋಡಿ. ಸೋಫಾ ತಗ್ಗು, ಮೆತ್ತಗೆ; ಅದರಲ್ಲಿ ಕುಳಿತರೆ ಏಳುವುದಕ್ಕೆ ಇಬ್ಬರು ಬೇಕು. ಆದುದರಿಂದ ಅಡುಗೆಯ ಮನೆಯ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಆಕೆಯ ಪಾಲಿಗೆ ಬಂದಿರುತ್ತದೆ. ಮನೆಯೊಡತಿ ಅವರೆಕಾಯಿ ಬಿಡಿಸುವುದು ಓಣಿಯಂಥ ನಡೆದಾರಿಯಲ್ಲಿ. ಹುಡುಗನು ಲೆಕ್ಕ ಮಾಡುವುದು ಮಂಚದ ಮೇಲೆ ಬೋರಲಾಗಿ ಮಲಗಿಕೊಂಡು. ಮನೆಯಲ್ಲೆಲ್ಲ ವಿಶಾಲವೂ ಬೆಳಕುಳ್ಳದ್ದೂ ಆದ ಭಾಗ ಯಾರಿಗೋ ಕಾಯುತ್ತ ಬರಿದಾಗಿರುತ್ತದೆ.

ನಮ್ಮ ಹಿಂದಿನ ತೊಟ್ಟಿಯ ಮನೆಗಳಲ್ಲಿ ಹೀಗಿರಲಿಲ್ಲ. ಕಂಬ, ತೊಟ್ಟಿ, ಕಲ್ಲುಚಪ್ಪಡಿಯ ಜಗಲಿ ಇವು ಮಾತ್ರ ಸ್ಥಿರ; ಮಿಕ್ಕುದೆಲ್ಲ ಚರ. ಚಾಪೆ, ಮಣೆ, ಜಮಖಾನಗಳನ್ನು ಬೇಕಾದಾಗ ಹಾಸಿ ಬೇಡವಾದಾಗ ಸುತ್ತಿಡುತ್ತಿದ್ದರು. ಬೆಳಗ್ಗೆ ಹೂ ಕಟ್ಟಿದ ಪಡಸಾಲೆಯಲ್ಲಿಯೇ ಮಧ್ಯಾಹ್ನ ಪಂಕ್ತಿ, ಇಳಿಹೊತ್ತಿಗೆ ರಾಗಿ ಕೇರುವುದು, ರಾತ್ರಿ ಹಾಸಿಗೆ. ಹಾಗೆಂದಮಾತ್ರಕ್ಕೆ ಆ ಕಾಲವನ್ನು ಅತಿಯಾಗಿ ಹೊಗಳಲು ನನಗೆ ಮನಸ್ಸಿಲ್ಲ. ಯಾರು ಜಗಲಿಯನ್ನು ಏರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು ಎಂಬ ಕಟ್ಟಳೆ ಕಲ್ಲಿಗಿಂತ ಗಟ್ಟಿಯಾಗಿದ್ದಿತು. ಎಲ್ಲರನ್ನೂ ಒಂದೇ ಎತ್ತರದಲ್ಲಿ ಕೂರಿಸಿದ ಪುಣ್ಯ ಕುರ್ಚಿಗೆ ಸ್ವಲ್ಪಮಟ್ಟಿಗಾದರೂ ಸಲ್ಲಬೇಕು.

ಆದರೆ ನಾನು ವಿಶೇಷವಾಗಿ ಹೇಳಬೇಕೆಂದಿರುವುದು ರೇಷ್ಮೆ ಬೆಳೆಯುವವರ ಮನೆಗಳ ವಿಚಾರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾದುವು. ಅದಕ್ಕೆ ಬಹು ಮೊದಲೇ ಹಿಪ್ಪುನೇರಳೆಯ ಸೊಪ್ಪು ಅವನ್ನು ಒಂದು ಸೀಮೆಯನ್ನಾಗಿ ಮಾಡಿದ್ದಿತು. ಟಿಪ್ಪೂ ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬಿಗೆ ಬಹುಕಾಲದವರೆಗೆ ಬೇರೆ ಕಟ್ಟಡವೆಂಬುದು ಎಲ್ಲರಿಗೂ ಇರಲಿಲ್ಲ. ರೈತನು ಇರುವ ಮನೆಯೇ ಹುಳುವಿನ ಮನೆ.

ಹುಳು ಮೊಟ್ಟೆಯಿಂದ ಹೊರಬಂದು ಹಣ್ಣಾಗುವುದಕ್ಕೆ ಸುಮಾರು 26 ದಿನಗಳು ಬೇಕು. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಕಳಚುತ್ತದೆ. ಇದಕ್ಕೆ ರೈತರು ಇಟ್ಟಿರುವ ಹೆಸರು ಜ್ವರ. ಚಾಕಿಯ ಹುಳುವಿಗೆ ಒಂದು ಮೂಲೆ ಸಾಕು. ನಾಲ್ಕನೆಯ ಜ್ವರ ಎದ್ದಮೇಲೆ ಹಜಾರವೆಲ್ಲ ಅದರದೇ. ಮಂಚ ಜಗಲಿಗೆ ಬರುತ್ತದೆ, ಕುರ್ಚಿ ಅಟ್ಟಕ್ಕೆ ಏರುತ್ತದೆ, ಬೆಂಚು ದನದ ಕೊಟ್ಟಿಗೆಯ ಪಕ್ಕಕ್ಕೆ ಹೋಗುತ್ತದೆ. ಅವು ಇದ್ದ ಕಡೆ ಬಿದಿರಿನ ಅಟ್ಟಣೆಗಳು ನಿಂತು, ಒಂದರ ಮೇಲೊಂದಾಗಿ ತಟ್ಟೆಗಳು ಕೂರುತ್ತವೆ. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಾರೆ. 1980ರಲ್ಲಿ ಊಜಿ ನೊಣ ಈ ನಾಡಿಗೆ ಬಂದಮೇಲೆ ಕಿಟಕಿಗಳಿಗೆ ಬಲೆಯೂ ಬಂದಿತು. ಹುಳುವಿಗೆ ಸೇರದೆಂದು ಊದುಬತ್ತಿ ಇಲ್ಲ, ಬೀಡಿ ಇಲ್ಲ. ಬಂದ ನೆಂಟರು ಎಷ್ಟೇ ದೊಡ್ಡವರಾಗಲಿ, ಅವರೊಡನೆ ಮಾತೆಲ್ಲ ಜಗಲಿಯ ಮೇಲೆ. ಅದರಿಂದ ಮಾನಹಾನಿಯಾಯಿತೆಂದು ಯಾರೂ ಭಾವಿಸುವುದಿಲ್ಲ. ರಾತ್ರಿ ಸೊಪ್ಪು ಹಾಕಿದ ಮೇಲೆ ಆ ಹಜಾರದಲ್ಲಿ ತುಂತುರು ಮಳೆಯಂಥ ಸದ್ದು ಕೇಳಿಬರುತ್ತದೆ. ಕೊನೆಗೆ ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುತ್ತಾರೆ. 6 ಅಡಿ ಉದ್ದ, 4 ಅಡಿ ಅಗಲದ ಈ ಬಿದಿರಿನ ಹೆಣಿಗೆಗಳನ್ನು ಬೀದಿಯ ಗೋಡೆಗೆ ಒರಗಿಸಿದಾಗ ಹಜಾರವೇ ಊರ ಬೀದಿಗೆ ಇಳಿದು ಬಂದಂತಾಗುತ್ತದೆ.

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿದ ಮೇಲೆ ನೆಲ ತೊಳೆದು ಸಾಮಾನುಗಳನ್ನು ಒಳಗೆ ತರುತ್ತಾರಷ್ಟೆ? ಆಗ ಅವು ಹಿಂದೆ ಇದ್ದ ಜಾಗಕ್ಕೇ ಹೋಗಬೇಕೆಂಬ ನಿಯಮವಿಲ್ಲ. ಕನಕಪುರದ ಕಡೆಯ ಒಂದು ಮನೆಯಲ್ಲಿ ನಾನು ಕಂಡಂತೆ, ಬೆಳೆಯ ಸಮಯದಲ್ಲಿ ಬಾಗಿಲ ಬಳಿ ಹಾಕಿದ್ದ ಅಜ್ಜಿಯ ಮಂಚ ಬೆಳೆ ಮುಗಿದಮೇಲೂ ಅಲ್ಲಿಯೇ ಉಳಿದುಬಿಟ್ಟಿತ್ತು. ಆಕೆಗೆ ಬೀದಿ ಕಾಣುತ್ತಿತ್ತು, ಹೋಗಿಬರುವವರ ಮಾತು ಸಿಕ್ಕುತ್ತಿತ್ತು. ಇಂದು ಸೊಪ್ಪನ್ನು ಕೊಂಬೆಸಹಿತವಾಗಿ ಹಾಕುವ ಪದ್ಧತಿ ಬಂದು, ಹುಳುವಿಗೆ ಬೇರೆ ಮನೆಗಳು ಎದ್ದಿವೆ. ಅದು ಮನೆಯವರ ಆರೋಗ್ಯಕ್ಕೂ ಹುಳುವಿನ ಆರೋಗ್ಯಕ್ಕೂ ಒಳ್ಳೆಯದೇ. ತೆರವಾದ ಹಜಾರಕ್ಕೆ ಮಾತ್ರ ಸೋಫಾ ಬಂದು ಕುಳಿತಿದೆ. ಅದು ವರ್ಷಕ್ಕೊಮ್ಮೆಯೂ ಏಳುವುದಿಲ್ಲ.

ಪಟ್ಟಣದವರಿಗೂ ಇಂಥದೊಂದು ಅಭ್ಯಾಸ ಇಲ್ಲದಿಲ್ಲ. ನವರಾತ್ರಿಯ ಗೊಂಬೆಯ ಹಬ್ಬದಲ್ಲಿ ಮೇಜು, ಟ್ರಂಕು, ಡಬ್ಬಗಳನ್ನು ಪೇರಿಸಿ, ಬಿಳಿಯ ಪಂಚೆ ಹೊದಿಸಿ ಮೆಟ್ಟಿಲು ಕಟ್ಟುತ್ತಾರೆ. ಮೇಲೆ ಪಟ್ಟದ ಗೊಂಬೆ; ಕೆಳಗೆ ಹಾಲೆಮರವನ್ನು ಕಡೆದು, ತಿಕ್ಕಾಟದ ಕಾವಿಗೆ ಕರಗುವ ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ಬೊಂಬೆಗಳು. ಮನೆಯವರು ಅಷ್ಟು ದಿನವೂ ನೆಲದ ಮೇಲೆ ಕುಳಿತು ಸುಖವಾಗಿಯೇ ಇರುತ್ತಾರೆ.

ಮನೆಯ ಕೋಣೆಯಿಂದ ಏನೇನು ಕೆಲಸ ತೆಗೆಯಬಹುದೆಂಬುದಕ್ಕೆ ಆಕಾಶವಾಣಿಯೇ ನಿದರ್ಶನ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಅದನ್ನು ಆರಂಭಿಸಿದರು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಶಾಸ್ತ್ರದವರೇ ಮುಂದೆ ನಮ್ಮ ಇಂದಿನ ವಿಷಯವನ್ನೂ ಪರೀಕ್ಷಿಸಿ ನೋಡಿದರು. 1950ರ ದಶಕದಲ್ಲಿ ಕೆನಡಾ ದೇಶದ ಸಸ್ಕ್ಯಾಚವಾನ್ ಪ್ರಾಂತ್ಯದ ಒಂದು ಆಸ್ಪತ್ರೆಯಲ್ಲಿ ವೃದ್ಧೆಯರ ವಾರ್ಡೊಂದಿತ್ತು. ಕುರ್ಚಿಗಳೆಲ್ಲ ಗೋಡೆಯ ಉದ್ದಕ್ಕೆ ಸಾಲಾಗಿದ್ದವು. ಅಚ್ಚುಕಟ್ಟಿಗೆ ಕೊರತೆಯಿರಲಿಲ್ಲ, ಮಾತು ಮಾತ್ರ ಬಹು ಕಡಿಮೆ. ರಾಬರ್ಟ್ ಸಾಮರ್ ಎಂಬ ವಿದ್ವಾಂಸರು ಸಣ್ಣ ಮೇಜುಗಳನ್ನು ತರಿಸಿ, ಕುರ್ಚಿಗಳನ್ನು ಅವುಗಳ ಸುತ್ತ ಹಾಕಿಸಿದರು. ಮೊದಮೊದಲು ಆ ವೃದ್ಧೆಯರೇ ಕುರ್ಚಿಗಳನ್ನು ಪುನಃ ಗೋಡೆಗೆ ಸೇರಿಸುತ್ತಿದ್ದರಂತೆ! ಕೆಲವು ವಾರಗಳಲ್ಲಿ ಅವರ ನಡುವಣ ಸಂಭಾಷಣೆ ಗಣನೀಯವಾಗಿ ಹೆಚ್ಚಿತು. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಹುಡುಗರು ತಮ್ಮತಮ್ಮಲ್ಲಿ ಮಾತಾಡದಿರಲೆಂದೇ ಬೆಂಚುಗಳನ್ನು ಸಾಲಾಗಿ ಹಾಕಿರುವುದು. ಆ ಸಾಲನ್ನು ಮನೆಗೂ ತಂದು, ಮನೆಯಲ್ಲಿ ಮಾತಿಲ್ಲವೆಂದು ಕೊರಗುವುದು ವಿಚಿತ್ರ.

ಹೊಸ ಸಾಮಾನನ್ನು ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಇರುವ ಸೋಫಾವನ್ನು ಗೋಡೆಯಿಂದ ಮೂರಡಿ ಈಚೆಗೆ ಎಳೆಯಿರಿ. ಅದರ ಬೆನ್ನ ಹಿಂದೆ, ಗೋಡೆಯ ಕಡೆ, ಹುಡುಗನ ಮೇಜು ಹಿಡಿಸುತ್ತದೆ. ಎರಡು ಕುರ್ಚಿಗಳನ್ನು ಎದುರುಬದುರಾಗಿ ಇಟ್ಟರೆ ಕಚೇರಿಯ ವಿಚಾರಣೆಯಂತಾಗುತ್ತದೆ. ಮೂಲೆಗೆ ಮೂಲೆ ಕೂಡಿಸಿ ಓರೆಯಾಗಿ ಇಡಿ. ಕಿಟಕಿಯ ಬೆಳಕು ಬೀಳುವ ಕಡೆ, ಬೀದಿ ಕಾಣುವಂತೆ, ಕೈಯಿರುವ ಗಟ್ಟಿಯಾದ ಎತ್ತರದ ಕುರ್ಚಿಯನ್ನು ಮನೆಯ ಹಿರಿಯರಿಗೆ ಹಾಕಿ. ಅತಿಥಿ ಬಂದಾಗಲೂ ಅವರನ್ನು ಅಲ್ಲಿಂದ ಎಬ್ಬಿಸಬೇಡಿ. ನಡುವಣ ನೆಲದಲ್ಲಿ ಒಂದು ಚಾಪೆಯಷ್ಟಾದರೂ ಬಯಲು ಉಳಿಯಲಿ. ಅವರೆಕಾಯಿ ಬಿಡಿಸುವವರು ಅಲ್ಲಿಗೆ ಬಂದು ಕುಳಿತುಕೊಳ್ಳಲಿ. ಟೀಪಾಯಿ ಅಡ್ಡವಾದರೆ ಅದನ್ನು ಸೋಫಾದ ಮಗ್ಗುಲಿಗೆ ಸರಿಸಬಹುದು.

ಸರಿಸುವಾಗ ಕಾಲುಗಳ ಕೆಳಗೆ ಹಳೆಯ ಗೋಣಿಯ ತುಂಡನ್ನು ಇಡುವುದು ಒಳ್ಳೆಯದು, ನೆಲ ಗೀರುವುದಿಲ್ಲ. ಮೊದಲ ವಾರ ರಾತ್ರಿಯೆಲ್ಲ ಹಜಾರದಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಹಿರಿಯರು ಕತ್ತಲಲ್ಲಿ ಎದ್ದರೆ ಹಳೆಯ ದಾರಿಯಲ್ಲಿಯೇ ನಡೆಯುತ್ತಾರೆ.