ಗಾಡಿ ಕೆಎ, ಮನಿ ಎಂಎಚ್: ಇನ್ಸೂರೆನ್ಸ್ ಯಾರ ಹೆಸರಿಗೆ?

(ಅಕ್ಕಲಕೋಟೆಯಲ್ಲಿ ಗಡಿಭಾಗದ ತರುಣರ ಮುಂದೆ ನಾವು ಆಡಿದ ಮಾತಿನ ಬರಹ ರೂಪ. ಓದಿ, ಗಾಡಿ ಇದ್ದ ಗೆಳೆಯರಿಗೂ ಮುಟ್ಟಿಸಿ.)



ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಯಾವ ಓಣಿಗೆ ಹೋದರೂ ಎಂಎಚ್ 13 ಗಾಡಿಯ ಬಾಜೂಕ ಒಂದು ಕೆಎ 28 ಇಲ್ಲಾ ಕೆಎ 32 ಗಾಡಿ ನಿಂತಿರ್ತದೆ. ಬೀಗರು ಇಂಡಿಯಲ್ಲಿ, ಅಕ್ಕ ಅಫಜಲಪುರದಲ್ಲಿ, ಸೋದರಮಾವ ವಿಜಯಪುರದಲ್ಲಿ. ಹೆಣ್ಣು ಕೊಡುವಾಗ, ತರುವಾಗ ಗಡಿ ನೋಡದ ನಾವು ಗಾಡಿ ಕೊಡುವಾಗ, ತರುವಾಗಲೂ ನೋಡೋದಿಲ್ಲ. ಆದರೆ ಗಾಡಿಯ ಕಾಗದ ಹಂಗಲ್ಲ. ಅದು ಹೆಸರು ಕೇಳ್ತದೆ, ವಿಳಾಸ ಕೇಳ್ತದೆ. ಅಪಘಾತ ಆದ ದಿನವೇ ಕೇಳ್ತದೆ.

ಬಹಳ ಜನ ಕೇಳುವ ಮೊದಲ ಪ್ರಶ್ನೆ: ಕರ್ನಾಟಕದಲ್ಲಿ ಮಾಡಿಸಿದ ಇನ್ಸೂರೆನ್ಸ್ ಮಹಾರಾಷ್ಟ್ರದಾಗ ನಡೀತದೇನ್ರಿ? ನಡೀತದೆ. ಪಾಲಿಸಿ ಇಡೀ ಭಾರತಕ್ಕೆ ಅನ್ವಯ. ಧೂಳಖೇಡದ ಆಚೆ ಆದರೂ ಅಷ್ಟೇ, ದುಧನಿಯ ಈಚೆ ಆದರೂ ಅಷ್ಟೇ. "ಬೇರೆ ರಾಜ್ಯದಾಗ ಅಪಘಾತ ಆಗೇದ" ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕೋಕೆ ಬರೋದಿಲ್ಲ. "ಕೆಎ ನಂಬರ್ ಇಟ್ಟರೆ ಇನ್ಸೂರೆನ್ಸ್ ಅಗ್ಗ" ಅನ್ನೋ ಮಾತನ್ನೂ ನಂಬಬೇಡಿ. ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ಅಂತ ಗೊತ್ತುಮಾಡ್ತದೆ. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2094 ರೂಪಾಯಿ, 1000ದಿಂದ 1500 ಸಿಸಿವರೆಗೆ 3416 ರೂಪಾಯಿ, ತೆರಿಗೆ ಬೇರೆ. ವಿಜಯಪುರಕ್ಕೂ ಅಷ್ಟೇ, ಸೊಲ್ಲಾಪುರಕ್ಕೂ ಅಷ್ಟೇ.

ಹಂಗಾದರೆ ತೊಂದರೆ ಎಲ್ಲಿದೆ? ಹೆಸರಿನಲ್ಲಿ.

ಒಂದು ಉದಾಹರಣೆ ಹಿಡೀರಿ. ಇಂಡಿಯ ಮಾವ ತನ್ನ ಕಾರನ್ನು ಮೈಂದರ್ಗಿಯ ಅಳಿಯನಿಗೆ ಮಾರಿದ. ರೊಕ್ಕ ಕೊಟ್ಟಾಯ್ತು, ಕೀಲಿ ಕೈಗೆ ಬಂತು. ಆರ್‌ಸಿ ಮಾತ್ರ ಮಾವನ ಹೆಸರಲ್ಲೇ ಉಳೀತು. ಪ್ರತಿ ವರ್ಷ ಅಳಿಯ ಮೊಬೈಲಿನಲ್ಲಿ ಮಾವನ ಹೆಸರಿಗೇ ಪಾಲಿಸಿ ನವೀಕರಿಸ್ತಾನೆ. ಒಂದಿನ ಅಪಘಾತ ಆಯ್ತು. ಆಗ ಏನಾಗ್ತದೆ?

ಎದುರಿನವರಿಗೆ ಪೆಟ್ಟಾದರೆ ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆಗೇ ಹೊಸ ಮಾಲೀಕನಿಗೆ ಬಂದಂತೆ. ಅವರಿಗೆ ಪರಿಹಾರ ಸಿಗ್ತದೆ. ಆದರೆ ನಿಮ್ಮದೇ ಕಾರಿನ ರಿಪೇರಿ ಖರ್ಚು ಹಂಗೆ ಬರೋದಿಲ್ಲ. ಈ ಕಲಮು ಥರ್ಡ್ ಪಾರ್ಟಿಗೆ ಮಾತ್ರ, ಸ್ವಂತ ಗಾಡಿಯ ನಷ್ಟಕ್ಕೆ ಕಂಪನಿಯ ಜೊತೆ ಬೇರೆ ಒಪ್ಪಂದ ಬೇಕು ಅಂತ ಕಂಪ್ಲೀಟ್ ಇನ್ಸುಲೇಶನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದಕ್ಕೇ ಗಾಡಿ ಕೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಇನ್ನು ಮಾಲೀಕ-ಚಾಲಕನಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದು ಆರ್‌ಸಿ, ಪಾಲಿಸಿ ಎರಡರಲ್ಲೂ ಹೆಸರಿದ್ದ ಮಾಲೀಕನಿಗೆ. ಸ್ಟೇರಿಂಗ್ ಹಿಡಿದು ಸತ್ತವನು ಅಳಿಯ ಆದರೆ ಅವನ ಹೆಂಡತಿ ಮಕ್ಕಳಿಗೆ ಆ ಹಣ ಬರೋದಿಲ್ಲ.

ಮಾವನೂ ಪಾರಾಗಲಿಲ್ಲ. ಅಳಿಯ ಒಂದು ವರ್ಷ ಪಾಲಿಸಿ ಕಟ್ಟೋದು ಮರೆತ ಅಂತ ಇಟ್ಕೊಳ್ರಿ. ಗಾಡಿ ಎಷ್ಟೇ ಕೈ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರ ಕೊಡಬೇಕಾದವನೂ ಅವನೇ ಅಂತ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂದರೆ ಮಾರಿ ಮರೆತ ಕಾರಿಗಾಗಿ ಇಂಡಿಯ ಮಾವ ಹೊಲ ಮಾರಬೇಕಾದೀತು. ಇಂಥದ್ದರಿಂದ ಬೀಗತನವೇ ಮುರಿದು ಬೀಳ್ತದೆ.

ಮಾವನ ಗಾಡಿ ಮಾವನದೇ ಆಗಿದ್ದು, ಅವರ ಒಪ್ಪಿಗೆಯಿಂದ ಲೈಸೆನ್ಸ್ ಇದ್ದ ನೀವು ನಾಲ್ಕು ದಿನ ಓಡಿಸಿದರೆ ಥರ್ಡ್ ಪಾರ್ಟಿ, ಗಾಡಿಯ ನಷ್ಟ ಎರಡಕ್ಕೂ ಪಾಲಿಸಿ ನಿಲ್ತದೆ, ಹೆದರಬೇಡಿ. ಕೊಂಡ ಮೇಲೆ ಮಾತ್ರ ತಡ ಮಾಡಬೇಡಿ.

ದಾರಿ ಹೀಗಿದೆ. ಮೊದಲು ಮೂಲ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತರಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಮಾಲೀಕತ್ವ ಬದಲಿಗೆ ಫಾರ್ಮ್ 29 ಮತ್ತು 30, ಹೊಸ ನಂಬರಿಗೆ ಫಾರ್ಮ್ 27. ಕೊಂಡವರು 30 ದಿನದೊಳಗೆ ತಮ್ಮ ಭಾಗದ ಆರ್‌ಟಿಒಗೆ ತಿಳಿಸಬೇಕು. ಸ್ವಂತ ಹೆಸರಿನ ಕೆಎ ಗಾಡಿಯೇ ಆಗಿದ್ದರೂ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟರೆ ಇಲ್ಲಿನ ನಂಬರ್ ಮಾಡಿಸಬೇಕು. ಹೊಸ ಆರ್‌ಸಿ ಬಂದ ಕೂಡಲೇ ಅದರ ಪ್ರತಿ ಕಂಪನಿಗೆ ಕೊಟ್ಟು ಪಾಲಿಸಿಯಲ್ಲಿ ನಂಬರ್, ಹೆಸರು, ವಿಳಾಸ ತಿದ್ದಿಸಿಕೊಳ್ಳಿ. ಮಾವನ ನೋ ಕ್ಲೇಮ್ ಬೋನಸ್ ಮಾವನದು, ನಿಮಗೆ ಬರೋದಿಲ್ಲ. ಆ ವ್ಯತ್ಯಾಸದ ಹಣ ಕಟ್ಟಬೇಕಾಗ್ತದೆ.

"ಟ್ಯಾಕ್ಸ್ ಎರಡು ಸಲ ಕಟ್ಟಬೇಕೇನು?" ಅಂತ ಎಲ್ಲರೂ ಇಲ್ಲೇ ನಿಲ್ತಾರೆ. ಮಹಾರಾಷ್ಟ್ರದ ರಸ್ತೆ ತೆರಿಗೆ ಕಟ್ಟಲೇಬೇಕು, ಅದು ಗಾಡಿಯ ವಯಸ್ಸು ನೋಡಿ ಕಡಿಮೆ ಆಗ್ತದೆ. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಕೇಳೋಕೆ ಅವಕಾಶ ಇದೆ. ವ್ಯವಹಾರದ ಮಾತಾಡುವಾಗಲೇ ಆ ಹಣ ಯಾರಿಗೆ ಅಂತ ಇತ್ಯರ್ಥ ಮಾಡ್ಕೊಳ್ಳಿ.

ಕ್ಲೇಮ್ ತಿರಸ್ಕಾರ ಆದರೆ ಸುಮ್ಮನೆ ಕೂರಬೇಡಿ. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿ ಅನ್ನಿಸದಿದ್ದರೆ ವಿಮಾ ಲೋಕಪಾಲರ ಕಡೆ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ನೀವು ಇರುವ ಊರು ನೋಡಿದರೆ ಪುಣೆಯ ಕಚೇರಿ. ಪಾಲಿಸಿ ಕೊಟ್ಟ ಶಾಖೆ ಕರ್ನಾಟಕದಲ್ಲಿದ್ದರೆ ಬೆಂಗಳೂರಿನ ಕಚೇರಿಗೂ ದೂರು ಕೊಡಬಹುದು. ಕನ್ನಡದಲ್ಲಿ ಕಲಿತ ನಮ್ಮ ಹುಡುಗರಿಗೆ ಇದು ಸಣ್ಣ ಅನುಕೂಲ ಅಲ್ಲ. ಹಂಗೇ, ಇಂಡಿ ರಸ್ತೆಯಲ್ಲಿ ನಿಮಗೇ ಪೆಟ್ಟಾಗಿದ್ದರೆ ಪರಿಹಾರದ ಅರ್ಜಿಗೆ ವಿಜಯಪುರಕ್ಕೆ ತಿರುಗಬೇಕಿಲ್ಲ. 166ನೇ ಕಲಮಿನ ಪ್ರಕಾರ ನೀವು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು.

ಗೆಳೆಯರೇ, ಪಾಲಿಸಿ ಇಂಗ್ಲಿಷಿನಲ್ಲಿ, ಫಾರ್ಮು ಮರಾಠಿಯಲ್ಲಿ ಅಂತ ಓದದೇ ಸಹಿ ಹಾಕೋ ಹಿರಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ಮೂರೂ ಭಾಷೆ ಬಲ್ಲವರು ನೀವು. ಇವತ್ತು ಮನೆಗೆ ಹೋಗಿ ಆರ್‌ಸಿ, ಪಾಲಿಸಿ ಎರಡನ್ನೂ ಎದುರಿಗೆ ಇಟ್ಟು ಹೆಸರು, ವಿಳಾಸ, ನಂಬರ್, ಕೊನೇ ತಾರೀಖು ಹೊಂದಿಸಿ ನೋಡಿ. ಆಮೇಲೆ ಬಾಜೂ ಮನೆಯವರದನ್ನೂ ಓದಿ ಹೇಳಿ.